ಕಸುಬು ಕಲಿಯುವವರಿಗೆ ಸರ್ಕಾರದ ಆಸರೆ

(ಶತಮಾನೋತ್ಸವದ ಅಂಗವಾಗಿ ನಡೆದ ಯುವಜನ ಗೋಷ್ಠಿಯಲ್ಲಿ ಮಾಡಿದ ಭಾಷಣದ ಪಠ್ಯ)



ಇಂದು ನಮಗೆ ಒಪ್ಪಿಸಲಾಗಿರುವ ವಿಷಯವು ಕೈಕಸುಬಿನ ತರಬೇತಿ ಮತ್ತು ಅದಕ್ಕೆ ಸರ್ಕಾರ ನೀಡಬೇಕಾದ ನೆರವು ಎಂಬುದು. ಉತ್ಸವದ ಚಪ್ಪರದ ಕೆಳಗೆ ನಿಂತು ಫಿಟ್ಟರು, ವೆಲ್ಡರು, ಸ್ಟೈಪೆಂಡು ಎಂದು ಮಾತನಾಡುವುದು ಅಷ್ಟೇನೂ ಶೋಭಿಸುವುದಿಲ್ಲವೆಂದು ಕೆಲವರಿಗೆ ತೋರಬಹುದು. ಆದರೆ ಹತ್ತನೆಯ ತರಗತಿಯ ಫಲಿತಾಂಶ ಬಂದ ಮರುದಿನ ನಮ್ಮ ಮನೆಗಳಲ್ಲಿ ಏಳುವ ಮೊದಲ ಪ್ರಶ್ನೆ "ಮುಂದೇನು?" ಎಂಬುದೇ ಆಗಿದೆ. ಆ ಪ್ರಶ್ನೆಗೆ ಉತ್ತರ ದೊರೆಯದ ಮನೆಯ ಹುಡುಗನು ಒಂದು ಚೀಲವನ್ನು ಹೆಗಲಿಗೆ ಹಾಕಿಕೊಂಡು ಹೆದ್ದಾರಿಯಲ್ಲಿ ನಿಂತು ಬೆಂಗಳೂರಿನ ಬಸ್ಸಿಗೆ ಕೈ ತೋರಿಸುತ್ತಾನೆ. ಅವನು ಏನಾಗಲು ಹೊರಟನೆಂಬುದು ಅವನಿಗೂ ತಿಳಿಯದು, ಕಳುಹಿಸಿಕೊಟ್ಟವರಿಗೂ ತಿಳಿಯದು. ಆದುದರಿಂದ ಈ ವಿಷಯವನ್ನು ನಾವು ಸಂತೋಷದಿಂದಲೇ ಒಪ್ಪಿಕೊಂಡೆವು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎನಿಸಿವೆ. ಶಾಲೆಗಳ ಲೆಕ್ಕಕ್ಕೆ ಇದೊಂದು ಪ್ರತ್ಯೇಕ ಜಿಲ್ಲೆ. ಕೆಲಸದ ಲೆಕ್ಕಕ್ಕೆ ಮಾತ್ರ ತುಮಕೂರು ಮತ್ತು ಬೆಂಗಳೂರುಗಳ ಹಿತ್ತಿಲು. ಮಳೆ ಕಡಿಮೆ. ಕಡಲೆಕಾಯಿ ಬಿತ್ತಿದವನು ಆಕಾಶವನ್ನು ನೋಡುತ್ತ ಕುಳಿತುಕೊಳ್ಳಬೇಕಾದ ಸೀಮೆ. ಹೇಮಾವತಿಯ ನೀರು ಕಳ್ಳಂಬೆಳ್ಳದ ಕೆರೆಗೆ ಹರಿದ ವರ್ಷಗಳಲ್ಲಿ ಒಂದಿಷ್ಟು ತೆಂಗು ಅಡಕೆಗಳ ತೋಟಗಳು ಉಸಿರಾಡಿಕೊಂಡವೆಂಬುದು ನಿಜ. ಆದರೂ ಎರಡು ಎಕರೆ ಬೆದ್ದಲು ಭೂಮಿಯನ್ನು ಮೂವರು ಗಂಡುಮಕ್ಕಳು ಹಂಚಿಕೊಳ್ಳುವ ಮನೆಯಲ್ಲಿ ಇಬ್ಬರು ಬೇರೆ ಕಸುಬನ್ನು ಕಲಿಯಲೇಬೇಕು. ಭೂಮಿಯೇ ಇಲ್ಲದ ಮನೆಗಳ ಮಾತನ್ನು ಹೇಳುವುದೇ ಬೇಡ.

ಈ ಸೀಮೆಗೆ ಕಸುಬುಗಳು ಹೊಸದಲ್ಲ. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ಇಂಗ್ಲಿಷ್ ಕಂಪನಿಯ ವೈದ್ಯನು ಮೈಸೂರು ಸೀಮೆಯಲ್ಲಿ ಸಂಚರಿಸಿದಾಗ ಮಧುಗಿರಿಯ ಸುತ್ತಲೂ ಚನ್ನರಾಯನದುರ್ಗದ ಬಳಿಯೂ ಕಬ್ಬಿಣ ಕರಗಿಸುವ ಕುಲುಮೆಗಳನ್ನು ಕಂಡು ವಿವರವಾಗಿ ಬರೆದಿಟ್ಟನು. ಮಳೆಯ ನೀರು ಗುಡ್ಡಗಳಿಂದ ಇಳಿಸಿ ತಂದ ಕರಿಯ ಮರಳಿನಿಂದ ಕಬ್ಬಿಣ ತೆಗೆಯುತ್ತಿದ್ದರು. ಆ ಕಬ್ಬಿಣದ ತುಂಡುಗಳನ್ನು ತಂಗಡಿಯ ಕಡ್ಡಿಗಳೊಡನೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ, ಕಾಯಿಸಿ ಉಕ್ಕು ಮಾಡುತ್ತಿದ್ದರು. ಶಿರಾ ಕಡೆಯ ಕಂಬಳಿಯ ಮಗ್ಗಗಳನ್ನು ನಾವೂ ನಮ್ಮ ಹಿರಿಯರೂ ಕಂಡಿದ್ದೇವೆ. ಇಷ್ಟೆಲ್ಲ ವಿದ್ಯೆಯನ್ನು ಯಾವ ಸರ್ಕಾರವೂ ಕಲಿಸಲಿಲ್ಲ. ತಂದೆಯಿಂದ ಮಗನು ಕಲಿತನು, ಸೋದರಮಾವನಿಂದ ಅಳಿಯನು ಕಲಿತನು.

ಇಷ್ಟನ್ನು ಹೇಳಿ ಹಿಂದಿನ ಕಾಲವನ್ನು ಹೊಗಳಿ ಸುಮ್ಮನಾಗುವುದು ಸುಲಭ. ನಾವು ಹಾಗೆ ಮಾಡಲಾರೆವು. ಆ ಕಲಿಕೆಯ ಬಾಗಿಲು ಹುಟ್ಟಿನಿಂದಲೇ ತೆರೆಯುತ್ತಿತ್ತು, ಹುಟ್ಟಿನಿಂದಲೇ ಮುಚ್ಚುತ್ತಿತ್ತು. ಕಮ್ಮಾರನ ಮಗನಿಗೆ ತಿದಿ, ಬಡಗಿಯ ಮಗನಿಗೆ ಉಳಿ. ಕೂಲಿಕಾರನ ಮಗನಿಗೆ ಕೂಲಿ. ನಮ್ಮ ಧರ್ಮಕೇಂದ್ರಗಳ ಅನೇಕ ಕುಟುಂಬಗಳು ಈ ಮೂರನೆಯ ಸಾಲಿಗೆ ಸೇರಿದ್ದವು. ಯಾವ ಕುಲಕಸುಬೂ ಕೈಯಲ್ಲಿಲ್ಲದವನಿಗೆ ಗುರು ಯಾರು? ಹೆಣ್ಣುಮಗಳಿಗೆ ಗುರು ಯಾರು? ಈ ಪ್ರಶ್ನೆಗೆ ಪ್ರಭುತ್ವವು ಉತ್ತರ ಕೊಡತೊಡಗಿದ್ದೇ ಸ್ವಾತಂತ್ರ್ಯಾನಂತರದ ತರಬೇತಿಯ ಕಥೆಯ ಸಾರವೆಂದು ನಾವು ತಿಳಿಯುತ್ತೇವೆ. ಸರ್ಕಾರದ ನೆರವೆಂದರೆ ಕಾರ್ಖಾನೆಯವರಿಗೆ ಕೊಡುವ ರಿಯಾಯಿತಿಯೆಂದು ಮಾತ್ರ ಎಣಿಸುವವರು ಈ ಅಂಶವನ್ನು ಗಮನಿಸಬೇಕು. ಕಲಿಯುವ ಹಕ್ಕನ್ನು ಹುಟ್ಟಿನಿಂದ ಬಿಡಿಸಿ ಎಲ್ಲರಿಗೂ ಹಂಚುವ ಕೆಲಸವನ್ನು ಪೇಟೆಯು ತಾನಾಗಿ ಮಾಡುವುದಿಲ್ಲ.

ಈಗ ಹೆದ್ದಾರಿಯ ಕಡೆಗೆ ಬರೋಣ. ಬೆಂಗಳೂರು-ಪುಣೆ ಹೆದ್ದಾರಿಯು ನಮ್ಮ ಮಗ್ಗುಲಲ್ಲೇ ಹಾದುಹೋಗುತ್ತದೆ. ಅದರ ಎರಡೂ ಬದಿಗಳಲ್ಲಿ ಪಂಕ್ಚರ್ ಅಂಗಡಿ, ಲಾರಿ ರಿಪೇರಿಯ ಗ್ಯಾರೇಜು, ವೆಲ್ಡಿಂಗ್ ಶೆಡ್ಡು, ಬೋರ್‌ವೆಲ್ಲಿನ ಮೋಟಾರು ಕಟ್ಟುವ ಅಂಗಡಿ, ಮುಂದೆ ಹೋದರೆ ನಾರಿನ ಕಾರ್ಖಾನೆಗಳು. ಇಲ್ಲೆಲ್ಲ ಹುಡುಗರು ಕಲಿಯುತ್ತಲೇ ಇದ್ದಾರೆ. ಸುಟ್ಟ ಮೋಟಾರನ್ನು ಬಿಚ್ಚಿ ತಾಮ್ರದ ತಂತಿಯನ್ನು ಮತ್ತೆ ಸುತ್ತಿ ಓಡಿಸಬಲ್ಲ ಹುಡುಗನಿಗೆ ಕೆಲಸ ಬಾರದೆಂದು ಯಾರು ಹೇಳಬಲ್ಲರು? ಆದರೆ ಅವನು ಎಷ್ಟು ವರ್ಷ ಕಲಿಯಬೇಕು, ಏನೇನು ಕಲಿಯಬೇಕು, ಕಲಿಯುವಾಗ ಎಷ್ಟು ಕೊಡಬೇಕು, ಕಣ್ಣಿಗೆ ಕಿಡಿ ಹಾರಿದರೆ ಆಸ್ಪತ್ರೆಯ ಖರ್ಚು ಯಾರದು, ಕಲಿತು ಮುಗಿಸಿದ ಮೇಲೆ ಅದಕ್ಕೆ ಸಾಕ್ಷಿಯೇನು ಎಂಬುದಾವುದೂ ಎಲ್ಲಿಯೂ ಬರೆದಿಲ್ಲ. ಯಜಮಾನನು ಒಳ್ಳೆಯವನಾದರೆ ಹುಡುಗನ ಪುಣ್ಯ. ಇಲ್ಲವಾದರೆ ನಾಲ್ಕು ವರ್ಷ ಚಹಾ ತಂದು, ಲಾರಿ ತೊಳೆದು, ಸ್ಪ್ಯಾನರ್ ಎತ್ತಿಕೊಟ್ಟು ಬರಿಗೈಯಲ್ಲಿ ಹೊರಬರುತ್ತಾನೆ.

ಇದೇ ಸಂಕಟವನ್ನು ಹಿಂದೆ ಒಬ್ಬ ಗುರುಗಳು ಬಹಳ ಹತ್ತಿರದಿಂದ ಕಂಡಿದ್ದರು. ಇಟಲಿಯ ತೂರಿನ್ ನಗರದಲ್ಲಿ ಕೆಲಸ ಕಲಿಯಲು ಹಳ್ಳಿಗಳಿಂದ ಬಂದ ಬಡ ಹುಡುಗರ ನಡುವೆ ಸೇವೆ ಮಾಡುತ್ತಿದ್ದ ಸಂತ ಜಾನ್ ಬೋಸ್ಕೊರವರನ್ನು ನಾವೆಲ್ಲ ಬಲ್ಲೆವು. 1852ರ ಫೆಬ್ರವರಿಯಲ್ಲಿ ಒಬ್ಬ ಬಡಗಿ ಯಜಮಾನನಿಗೂ ಒಬ್ಬ ಹುಡುಗನಿಗೂ ನಡುವೆ ಅವರು ಛಾಪಾ ಕಾಗದದ ಮೇಲೆ ಒಂದು ಕರಾರನ್ನು ಬರೆಯಿಸಿದರು. ಅದು ಇಂದಿಗೂ ಉಳಿದುಬಂದಿದೆ. ಹುಡುಗನನ್ನು ಮಾತಿನಿಂದ ತಿದ್ದಬೇಕು, ಹೊಡೆಯಬಾರದು. ಕಸುಬಿಗೆ ಸೇರದ ಮನೆಗೆಲಸಕ್ಕೆ ಹಚ್ಚಬಾರದು. ಹಬ್ಬದ ದಿನಗಳಲ್ಲಿ ಬಿಡುವು ಕೊಡಬೇಕು. ವರ್ಷಕ್ಕೆ 15 ದಿನ ರಜೆ ಕೊಡಬೇಕು. ಕಲಿತಂತೆಲ್ಲ ಕೂಲಿಯನ್ನು ಏರಿಸಬೇಕು ಎಂಬುವು ಅಂಥ ಕರಾರುಗಳ ಮಾತುಗಳು. ದಯೆಯಿಂದ ಕೊಡಬಹುದಾಗಿದ್ದುದನ್ನು ಕಾಗದದ ಮೇಲೆ ಬರೆಯಿಸಿ ಸಹಿ ಹಾಕಿಸಿದುದರಲ್ಲಿ ಅವರ ಜಾಣ್ಮೆಯಿದೆ. ದಯೆ ಯಜಮಾನನೊಡನೆ ಬದಲಾಗುತ್ತದೆ. ಕರಾರು ಬದಲಾಗುವುದಿಲ್ಲ.

ನಮ್ಮ ದೇಶದಲ್ಲಿ ಆ ಕರಾರಿಗೆ ಕಾನೂನಿನ ಬಲ ಬಂದುದು 1961ರ ಅಪ್ರೆಂಟಿಸ್ ಕಾಯಿದೆಯಿಂದ. ಸರ್ಕಾರಿ ಕಾಗದಗಳಲ್ಲಿ ಅಪ್ರೆಂಟಿಸನನ್ನು "ಶಿಶಿಕ್ಷು" ಎಂದು ಕರೆಯುತ್ತಾರೆ. ಕಲಿಯಬಯಸುವವನು ಎಂದು ಅದರ ಅರ್ಥ. ಪದವು ಚೆನ್ನಾಗಿದೆ, ಆದರೆ ಬಸ್‌ಸ್ಟ್ಯಾಂಡಿನಲ್ಲಿ ಯಾರಿಗೂ ತಿಳಿಯದು. ನಾವು ಅಪ್ರೆಂಟಿಸ್ ಎಂದೇ ಹೇಳೋಣ. ಅದಕ್ಕೂ ಮೊದಲೇ, 1950ರಲ್ಲಿ, ಕುಶಲಕರ್ಮಿಗಳ ತರಬೇತಿ ಯೋಜನೆಯು ಆರಂಭವಾಗಿ ಐ.ಟಿ.ಐ.ಗಳು ಹುಟ್ಟಿಕೊಂಡಿದ್ದವು. ಐ.ಟಿ.ಐ.ಯಲ್ಲಿ ಕಲಿತವನು ಕಾರ್ಖಾನೆಯಲ್ಲಿ ಕೈ ಪಳಗಿಸಿಕೊಳ್ಳಬೇಕು, ಕಾರ್ಖಾನೆಯವರು ಅವನಿಗೆ ಜಾಗ ಕೊಡಲೇಬೇಕು ಎಂಬುದು ಕಾಯಿದೆಯ ಮೂಲ ಉದ್ದೇಶ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಹುಡುಗರಿಗೆ ಪ್ರತ್ಯೇಕ ಸ್ಥಾನಗಳನ್ನು 1973ರಲ್ಲಿ ಅದರೊಳಗೇ ಸೇರಿಸಲಾಯಿತು. ಕುಲಕಸುಬಿನ ಬೇಲಿಯನ್ನು ಕಾನೂನು ಕೈಹಾಕಿ ಕಿತ್ತ ಜಾಗ ಇದೇ ಎಂದು ನಾವು ಬೆರಳಿಟ್ಟು ತೋರಿಸಬಹುದು.

ಕಾಯಿದೆಯ ನಡೆ ಹೇಗೆಂಬುದನ್ನು ಯುವಕರು ಸ್ವಲ್ಪ ತಿಳಿದುಕೊಂಡಿರುವುದು ಒಳ್ಳೆಯದು. 14 ವರ್ಷ ತುಂಬಿರಬೇಕು. ಅಪಾಯಕರ ಕೆಲಸಗಳಿಗೆ 18. ಮಾಲೀಕನಿಗೂ ಕಲಿಯುವವನಿಗೂ ಕರಾರು ಆಗಬೇಕು, ಅದು ನೋಂದಣಿಯಾಗಬೇಕು. ಕಲಿಯುವವನು ಅಪ್ರಾಪ್ತನಾದರೆ ಪೋಷಕರು ಸಹಿ ಹಾಕಬೇಕು. ಕಾಯಿದೆಯ ದೃಷ್ಟಿಯಲ್ಲಿ ಅವನು ಕಾರ್ಮಿಕನಲ್ಲ, ಕಲಿಯುವವನು. ಆದಕಾರಣ ಅಧಿಕಾರಿಯ ಒಪ್ಪಿಗೆಯಿಲ್ಲದೆ ಅವನಿಂದ ಓವರ್‌ಟೈಮ್ ಮಾಡಿಸುವಂತಿಲ್ಲ. ಕೆಲಸದಲ್ಲಿ ಗಾಯವಾದರೆ ಕಾರ್ಮಿಕರಿಗೆ ಸಲ್ಲುವ ಪರಿಹಾರವು ಅವನಿಗೂ ಸಲ್ಲುತ್ತದೆ. ತರಬೇತಿಯ ಕೊನೆಗೆ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ದೇಶದಾದ್ಯಂತ ನಡೆಯುವ ಪ್ರಮಾಣಪತ್ರ ದೊರೆಯುತ್ತದೆ. ಕೆಲಸ ಕೊಡಲೇಬೇಕೆಂಬ ಕಟ್ಟುಪಾಡು ಮಾತ್ರ ಮಾಲೀಕನಿಗಿಲ್ಲ. ಇದನ್ನು ಮುಚ್ಚಿಟ್ಟು ಆಸೆ ಹುಟ್ಟಿಸುವುದು ನಮಗೆ ಇಷ್ಟವಿಲ್ಲ.

2014ರಲ್ಲಿ ಕಾಯಿದೆಗೆ ದೊಡ್ಡ ತಿದ್ದುಪಡಿಯಾಯಿತು. ಅಪ್ರೆಂಟಿಸರನ್ನು ತೆಗೆದುಕೊಳ್ಳದ ಮಾಲೀಕನಿಗೆ ಅದುವರೆಗೆ ಸೆರೆವಾಸದ ಭಯವಿತ್ತು. ಅದನ್ನು ತೆಗೆದು ದಂಡವನ್ನಷ್ಟೇ ಉಳಿಸಿದರು. ಭಯವನ್ನು ತೆಗೆದ ಮೇಲೆ ಆಸೆಯನ್ನು ಒಡ್ಡಬೇಕಲ್ಲ? 2016ರ ಆಗಸ್ಟಿನಲ್ಲಿ ರಾಷ್ಟ್ರೀಯ ಅಪ್ರೆಂಟಿಸ್‌ಷಿಪ್ ಉತ್ತೇಜನ ಯೋಜನೆ ಬಂದಿತು. ಶಿಷ್ಯವೇತನದ ಕಾಲುಭಾಗವನ್ನು, ತಿಂಗಳಿಗೆ 1,500 ರೂಪಾಯಿಗೆ ಮೀರದಂತೆ, ಕೇಂದ್ರ ಸರ್ಕಾರವೇ ಭರಿಸುವುದಾಗಿ ಹೇಳಿತು. 2019ರ ನಿಯಮಗಳ ಪ್ರಕಾರ 30 ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಶೇಕಡ 2.5ರಿಂದ 15ರವರೆಗೆ ಅಪ್ರೆಂಟಿಸರನ್ನು ಕಡ್ಡಾಯವಾಗಿ ತೆಗೆದುಕೊಳ್ಳಬೇಕಾಯಿತು. 4ರಿಂದ 29 ಜನರಿರುವ ಕಡೆ ಅದು ಅವರ ಇಚ್ಛೆಗೆ ಬಿಟ್ಟುದಾಯಿತು. ಮೊದಲು ಸರ್ಕಾರದ ಪಾಲನ್ನು ಮಾಲೀಕನು ಕೊಟ್ಟು ಅನಂತರ ಅರ್ಜಿ ಹಾಕಿ ವಾಪಸು ಪಡೆಯಬೇಕಾಗಿತ್ತು. 2023ರ ಆಗಸ್ಟಿನಿಂದ ಆ ಪಾಲು ನೇರವಾಗಿ ಅಪ್ರೆಂಟಿಸನ ಬ್ಯಾಂಕ್ ಖಾತೆಗೆ ಬರುವಂತೆ ಮಾಡಿದರು. ಇದು ಸಣ್ಣ ಸುಧಾರಣೆಯಂತೆ ಕಾಣುತ್ತದೆ. ಸರ್ಕಾರದಿಂದ ಹಣ ವಾಪಸು ಪಡೆಯುವ ಕಷ್ಟವನ್ನು ಬಲ್ಲ ಸಣ್ಣ ಮಾಲೀಕನನ್ನು ಕೇಳಿದರೆ ಅದರ ಬೆಲೆ ತಿಳಿಯುವುದು.

ಆದರೆ ಲೆಕ್ಕ ಹಾಕಿ ನೋಡೋಣ. 2019ರ ನಿಯಮವು ಹತ್ತನೆಯ ತರಗತಿ ತೇರ್ಗಡೆಯಾದವನಿಗೆ ಮೊದಲ ವರ್ಷ ತಿಂಗಳಿಗೆ ಕನಿಷ್ಠ 6,000 ರೂಪಾಯಿ, ಐ.ಟಿ.ಐ. ಮುಗಿಸಿದವನಿಗೆ 7,000, ಪದವೀಧರನಿಗೆ 9,000 ಎಂದು ಗೊತ್ತುಪಡಿಸಿತು. ಕಳ್ಳಂಬೆಳ್ಳದ ಹುಡುಗನೊಬ್ಬನು ಪೀಣ್ಯದಲ್ಲಿಯೋ ತುಮಕೂರಿನಲ್ಲಿಯೋ ಅಪ್ರೆಂಟಿಸ್ ಆಗಿ ಸೇರಿದನೆನ್ನಿ. ಕೋಣೆಯ ಬಾಡಿಗೆಯಲ್ಲಿ ತನ್ನ ಪಾಲು, ಎರಡು ಹೊತ್ತಿನ ಊಟ, ಬಸ್ಸು, ಮೊಬೈಲಿನ ರೀಚಾರ್ಜು, ತಿಂಗಳಿಗೊಮ್ಮೆ ಊರಿಗೆ ಬಂದುಹೋಗುವ ಖರ್ಚು. ಆರೇಳು ಸಾವಿರದಲ್ಲಿ ಏನು ಉಳಿದೀತು? ಅದೇ ಹುಡುಗನು ಸಾಮಾನು ಹೊತ್ತು ಮನೆಮನೆಗೆ ಮುಟ್ಟಿಸುವ ಕೆಲಸಕ್ಕೋ ಕಟ್ಟಡದ ಕೂಲಿಗೋ ಹೋದರೆ ಮೊದಲ ತಿಂಗಳೇ ಅದಕ್ಕಿಂತ ಹೆಚ್ಚು ತರುತ್ತಾನೆ. ಮನೆಯಲ್ಲಿ ಸಾಲವಿದ್ದರೆ ತಂದೆಯು ಯಾವುದನ್ನು ಆರಿಸಿಕೊಳ್ಳೆಂದು ಹೇಳಿಯಾನು? ಎರಡು ವರ್ಷ ಕಾದರೆ ಕಸುಬುಗಾರನಾಗುವೆ ಎಂಬ ಉಪದೇಶವು ಕಾಯಲು ಶಕ್ತಿಯಿರುವವರ ಕಿವಿಗೆ ಮಾತ್ರ ಹಿತವಾಗಿ ಕೇಳುತ್ತದೆ. ಶಿಷ್ಯವೇತನದ ಮಟ್ಟವನ್ನು 5,000-9,000ದಿಂದ 6,800-12,300ಕ್ಕೆ ಏರಿಸಬೇಕೆಂದು ಕೇಂದ್ರ ಅಪ್ರೆಂಟಿಸ್‌ಷಿಪ್ ಮಂಡಳಿಯು 2025ರ ಮೇ ತಿಂಗಳಲ್ಲಿ ಶಿಫಾರಸು ಮಾಡಿದ್ದು ಈ ಕಾರಣದಿಂದ ಸ್ವಾಗತಾರ್ಹವೇ. ಆದರೆ ಮಟ್ಟ ಏರಿದಾಗ ಸರ್ಕಾರದ ಪಾಲೂ ಏರದಿದ್ದರೆ ಭಾರವೆಲ್ಲ ಮಾಲೀಕನ ಮೇಲೆ ಬಿದ್ದು, ಸಣ್ಣ ವರ್ಕ್‌ಶಾಪಿನವನು "ನನಗೆ ಅಪ್ರೆಂಟಿಸನೇ ಬೇಡ" ಎಂದಾನು.

ಕಟ್ಟಡ ಮತ್ತು ಯಂತ್ರಗಳಿಗೆ ಹಣ ಬರುತ್ತಿಲ್ಲವೆಂದು ಯಾರೂ ಹೇಳಲಾರರು. ಕರ್ನಾಟಕದ 150 ಸರ್ಕಾರಿ ಐ.ಟಿ.ಐ.ಗಳನ್ನು ಟಾಟಾ ಸಮೂಹದ ಸಹಯೋಗದಲ್ಲಿ 4,700 ಕೋಟಿ ರೂಪಾಯಿಗೂ ಹೆಚ್ಚಿನ ವೆಚ್ಚದಲ್ಲಿ ನವೀಕರಿಸಿ 2022ರ ಜೂನ್‌ನಲ್ಲಿ ರಾಷ್ಟ್ರಕ್ಕೆ ಅರ್ಪಿಸಲಾಯಿತು. 2025ರ ಮೇ ತಿಂಗಳಲ್ಲಿ ಕೇಂದ್ರ ಸಚಿವ ಸಂಪುಟವು ದೇಶದ 1,000 ಐ.ಟಿ.ಐ.ಗಳ ಸುಧಾರಣೆಗೆ 60,000 ಕೋಟಿ ರೂಪಾಯಿಯ ಯೋಜನೆಯನ್ನು ಒಪ್ಪಿತು. ಇದರಲ್ಲಿ ಅರ್ಧ ಕೇಂದ್ರದ್ದು, 20,000 ಕೋಟಿ ರಾಜ್ಯಗಳದ್ದು, 10,000 ಕೋಟಿ ಉದ್ಯಮಗಳದ್ದು. ಗಣಕಯಂತ್ರದಿಂದ ನಡೆಯುವ ಲೇತು, ರೋಬಾಟು, ವಿದ್ಯುತ್ ವಾಹನ ಎಲ್ಲವೂ ಬರಲಿ. ನಮ್ಮ ಸೀಮೆಯ ಮಕ್ಕಳು ಹಳೆಯ ಯಂತ್ರದ ಮೇಲೆ ಕಲಿಯಬೇಕೆಂದು ನಾವು ಹೇಳುವವರಲ್ಲ. ಆದರೆ ಯಂತ್ರದ ಮುಂದೆ ನಿಂತು ಕೈಹಿಡಿದು ಕಲಿಸುವ ಬೋಧಕನು ಖಾಯಂ ಆಗಿ ಇರದಿದ್ದರೆ, ಕಲಿಯುವ ಹುಡುಗನಿಗೆ ಮಲಗಲು ಜಾಗವಿರದಿದ್ದರೆ, ಯಂತ್ರವು ಬಟ್ಟೆ ಹೊದ್ದುಕೊಂಡು ಕುಳಿತಿರುತ್ತದೆ.

ನಮ್ಮ ಜಿಲ್ಲೆಯಲ್ಲಿ ಕೆಲಸದ ಅವಕಾಶಗಳು ಬರುತ್ತಿಲ್ಲವೇ? ಬರುತ್ತಿವೆ. ಇದೇ ಹೆದ್ದಾರಿಯಲ್ಲಿ ತುಮಕೂರಿನ ಕಡೆಗೆ ಹೊರಟರೆ ವಸಂತನರಸಾಪುರದ ಕೈಗಾರಿಕಾ ಪ್ರದೇಶ ಸಿಗುತ್ತದೆ. ಅಲ್ಲಿಯ ಆಹಾರ ಪಾರ್ಕು 2014ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಯಿತು. ಯಂತ್ರೋಪಕರಣಗಳ ಪಾರ್ಕು ಬಂದಿತು. ಚೆನ್ನೈ-ಬೆಂಗಳೂರು ಕೈಗಾರಿಕಾ ಕಾರಿಡಾರಿನ ತುಮಕೂರು ಟೌನ್‌ಷಿಪ್ಪಿಗೆ 2023ರ ಫೆಬ್ರವರಿ 6ರಂದು ಶಂಕುಸ್ಥಾಪನೆಯಾಯಿತು. ಅದೇ ದಿನ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್.ಎ.ಎಲ್. ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆಯೂ ಉದ್ಘಾಟನೆಯಾಯಿತು. ಹೀಗಿರುವಲ್ಲಿ ಕೆಲಸವು ಮನೆಯ ಬಾಗಿಲಿಗೆ ಬಂದ ಹಾಗಾಯಿತೆಂದು ಸಂತೋಷಪಡುವುದು ಸಹಜ.

ಆದರೆ ಬಾಗಿಲಿಗೆ ಬಂದುದು ಒಳಗೆ ಬಂದೇ ಬರುತ್ತದೆಂಬ ಭರವಸೆಯಿಲ್ಲ. ಇದಕ್ಕೆ ಸಾಕ್ಷಿಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಪಾವಗಡದಿಂದ ಬಂದಿರುವ ಬಂಧುಗಳು ಇಲ್ಲಿಯೇ ಇದ್ದಾರೆ. ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಎಂಬ ಐದು ಗ್ರಾಮಗಳ ಸುಮಾರು 13,000 ಎಕರೆ ಭೂಮಿಯಲ್ಲಿ ಸೌರ ವಿದ್ಯುತ್ ಪಾರ್ಕು ಎದ್ದು ನಿಂತಿತು. 2018ರ ಮಾರ್ಚ್ 1ರಂದು "ಶಕ್ತಿಸ್ಥಳ" ಎಂಬ ಹೆಸರಿನಿಂದ ಅದು ಉದ್ಘಾಟನೆಯಾದಾಗ ಜಗತ್ತಿನ ಅತಿ ದೊಡ್ಡ ಸೌರ ಪಾರ್ಕುಗಳ ಸಾಲಿನಲ್ಲಿ ಅದರ ಹೆಸರನ್ನು ಹೇಳಿದರು. ರೈತರಿಂದ ಭೂಮಿಯನ್ನು ಕೊಂಡುಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದುದು ಒಳ್ಳೆಯ ಏರ್ಪಾಡೇ ಸರಿ. ಭೂಮಿಯ ಒಡೆತನ ರೈತನ ಹೆಸರಿನಲ್ಲಿಯೇ ಉಳಿಯಿತು. ಆದರೆ ಆ ಹೊಲಗಳಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಬದುಕುತ್ತಿದ್ದ ಭೂಹೀನರಿಗೆ ಗುತ್ತಿಗೆಯ ಹಣ ಬರಲಿಲ್ಲ. ಅವರಿಗೆ ಬರಬಹುದಾಗಿದ್ದುದು ಕೆಲಸವೊಂದೇ. ಪಾರ್ಕು ಕಟ್ಟಿ ಮುಗಿದ ಮೇಲೆ ಸ್ಥಳೀಯರ ಪಾಲಿಗೆ ಹೆಚ್ಚಾಗಿ ಉಳಿದ ಕೆಲಸವಾದರೂ ಯಾವುದು? ಕಾವಲು, ಹುಲ್ಲು ಕತ್ತರಿಸುವುದು, ಪ್ಯಾನೆಲ್ಲುಗಳ ಧೂಳು ತೊಳೆಯುವುದು.

ಇದಕ್ಕೆ ಯಾರನ್ನೋ ದೂರುವುದರಿಂದ ಪ್ರಯೋಜನವಿಲ್ಲ. ಕಾಲಕ್ರಮವನ್ನು ನೋಡಿದರೆ ಕಾರಣ ತಿಳಿಯುತ್ತದೆ. ಪಾರ್ಕಿಗಾಗಿ ಪ್ರತ್ಯೇಕ ನಿಗಮವು ಸ್ಥಾಪನೆಯಾದುದು 2015ರಲ್ಲಿ. ವಿದ್ಯುತ್ತು ಹರಿಯತೊಡಗಿದುದು 2018ರಲ್ಲಿ. ಈ ನಡುವಿನ ಮೂರು ವರ್ಷಗಳಲ್ಲಿ ಒಬ್ಬ ಹುಡುಗನು ಐ.ಟಿ.ಐ.ಯ ಎಲೆಕ್ಟ್ರಿಷಿಯನ್ ಕೋರ್ಸನ್ನೂ ಮುಗಿಸಿ ಒಂದು ವರ್ಷದ ಅಪ್ರೆಂಟಿಸ್‌ಷಿಪ್ಪನ್ನೂ ಮುಗಿಸಬಹುದಾಗಿತ್ತು. ಅದೇ 2015ರಲ್ಲಿ ಕೇಂದ್ರವು "ಸೂರ್ಯಮಿತ್ರ" ಎಂಬ ಹೆಸರಿನಲ್ಲಿ ಸೌರ ತಂತ್ರಜ್ಞರಿಗಾಗಿ 600 ಗಂಟೆಗಳ ವಸತಿಸಹಿತ ತರಬೇತಿಯನ್ನು ಆರಂಭಿಸಿತ್ತು. ಕಾನೂನೂ ಇತ್ತು, ಯೋಜನೆಯೂ ಇತ್ತು, ಬರಲಿರುವ ಕೆಲಸವೂ ಕಣ್ಣಮುಂದೆ ಇತ್ತು. ಭೂಮಿಯ ಗುತ್ತಿಗೆಪತ್ರಕ್ಕೆ ಸಹಿ ಬಿದ್ದ ದಿನವೇ ಆ ಐದು ಗ್ರಾಮಗಳ ಯುವಕರ ಪಟ್ಟಿಯನ್ನೂ ಮಾಡಿ ತರಬೇತಿಗೆ ಕಳುಹಿಸುವುದು ಸಾಧ್ಯವಿತ್ತು. ತರಬೇತಿಯು ಉದ್ಯಮದ ಹಿಂದೆ ಓಡಬಾರದು, ಮುಂದೆ ನಡೆಯಬೇಕು. ವಸಂತನರಸಾಪುರದ ಮುಂದಿನ ಹಂತಗಳ ವಿಷಯದಲ್ಲಿ ನಾವು ಕೇಳಬೇಕಾದುದೂ ಇದನ್ನೇ: ನಿವೇಶನ ಹಂಚುವ ಪತ್ರದಲ್ಲಿಯೇ ಈ ನಾಲ್ಕು ತಾಲ್ಲೂಕುಗಳ ಇಷ್ಟು ಅಪ್ರೆಂಟಿಸರಿಗೆ ಇಂಥಿಂಥ ಕಸುಬುಗಳಲ್ಲಿ ಜಾಗವೆಂದು ಬರೆಯಲಿ.

ಇನ್ನೊಂದು ಕಾರ್ಖಾನೆಯ ಕಥೆಯನ್ನೂ ಇಲ್ಲಿ ನೆನೆಯಬೇಕು. ತುಮಕೂರಿನ ಎಚ್.ಎಂ.ಟಿ. ಗಡಿಯಾರದ ಕಾರ್ಖಾನೆಯು ನಮ್ಮ ತಲೆಮಾರಿನವರಿಗೆ ಹೆಮ್ಮೆಯ ಸಂಗತಿಯಾಗಿತ್ತು. ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು 2016ರ ಜನವರಿಯಲ್ಲಿ ಕೇಂದ್ರ ಸಂಪುಟವು ಒಪ್ಪಿಗೆ ನೀಡಿತು. ಒಂದೇ ವಸ್ತುವಿನ ಒಂದೇ ಭಾಗವನ್ನು ಜೋಡಿಸಲು ಮಾತ್ರ ಕಲಿತ ಕೈಗೆ ಕಾರ್ಖಾನೆ ಮುಚ್ಚಿದ ದಿನ ಕಸುಬೂ ಮುಚ್ಚಿಹೋಗುತ್ತದೆ. ಅರವನ್ನು ಹಿಡಿದು ಲೋಹವನ್ನು ಅಳತೆಗೆ ತರಬಲ್ಲ ಫಿಟ್ಟರನಿಗೆ ಹಾಗಲ್ಲ. ಅವನು ಗಡಿಯಾರ ಬಿಟ್ಟು ಪಂಪು, ಪಂಪು ಬಿಟ್ಟು ಲಿಫ್ಟು ಎಂದು ಹೋಗಬಲ್ಲನು. ಈಗ ನೀಡಲಾಗುವ ಮೂರು ತಿಂಗಳ, ಆರು ವಾರಗಳ ಕೋರ್ಸುಗಳನ್ನು ಕಂಡಾಗ ನಮಗೆ ಈ ಭಯ ಬರುತ್ತದೆ. ಬೇಗ ಮುಗಿಯುವ ಕೋರ್ಸು ಅಂಕಿಅಂಶಗಳಿಗೆ ಅನುಕೂಲ, ಹುಡುಗನಿಗೆ ಅಷ್ಟಲ್ಲ.

ಹಾಗೆಂದು ಅಲ್ಪಾವಧಿಯ ತರಬೇತಿಯೆಲ್ಲ ವ್ಯರ್ಥವೆಂದಲ್ಲ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದವರೂ ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕಿನವರೂ ಕೂಡಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆಯು ಊಟ ವಸತಿಗಳನ್ನು ಉಚಿತವಾಗಿ ಕೊಟ್ಟು ಕೆಲವೇ ವಾರಗಳಲ್ಲಿ ಸ್ವಂತ ಉದ್ಯೋಗಕ್ಕೆ ಹಚ್ಚುವ ದಾರಿಯನ್ನು ತೋರಿಸಿತು. ಮುಂದೆ ಅದೇ ಮಾದರಿಯಲ್ಲಿ ದೇಶದ ಜಿಲ್ಲೆಗಳಲ್ಲಿ ಸಂಸ್ಥೆಗಳು ಹುಟ್ಟಿದವು. ತರಬೇತಿ ಮುಗಿದ ಮೇಲೂ ಕಲಿತವನ ಬೆನ್ನು ಹಿಡಿದು ವಿಚಾರಿಸಿಕೊಂಡದ್ದೇ ಅದರ ಗೆಲುವಿನ ಗುಟ್ಟು. 2023ರ ಸೆಪ್ಟೆಂಬರಿನಲ್ಲಿ ಬಂದ ವಿಶ್ವಕರ್ಮ ಯೋಜನೆಯು 18 ಬಗೆಯ ಕುಶಲಕರ್ಮಿಗಳಿಗೆ 15,000 ರೂಪಾಯಿಯ ಸಲಕರಣೆ, ಕಡಿಮೆ ಬಡ್ಡಿಯ ಸಾಲ, ದಿನಕ್ಕೆ 500 ರೂಪಾಯಿ ಭತ್ಯೆಯೊಡನೆ ಐದಾರು ದಿನಗಳ ಪ್ರಾಥಮಿಕ ತರಬೇತಿ ಎಂದು ಗೊತ್ತುಮಾಡಿತು. ಕೈಯಲ್ಲಿ ಕಸುಬಿರುವವನಿಗೆ ಇದು ಉಪಕಾರ. ಕಸುಬೇ ಇಲ್ಲದವನನ್ನು ಕಸುಬುಗಾರನನ್ನಾಗಿ ಮಾಡುವ ಕೆಲಸ ಬೇರೆ; ಅದಕ್ಕೆ ವರ್ಷಗಳು ಬೇಕು, ಮತ್ತು ಒಬ್ಬ ಗುರು ಬೇಕು.

ಆ ಗುರು ಎಲ್ಲಿದ್ದಾನೆ? ನಮ್ಮ ಅಭಿಪ್ರಾಯದಲ್ಲಿ ಬಹಳ ಮಟ್ಟಿಗೆ ಇಲ್ಲಿಯೇ ಇದ್ದಾನೆ. ಮೋಟಾರು ಕಟ್ಟುವ ಅಂಗಡಿಯಲ್ಲಿ, ಟ್ರ್ಯಾಕ್ಟರ್ ರಿಪೇರಿಯ ಶೆಡ್ಡಿನಲ್ಲಿ, ನಾರಿನ ಕಾರ್ಖಾನೆಯ ಯಂತ್ರಗಳ ಪಕ್ಕದಲ್ಲಿ ಇದ್ದಾನೆ. ನಾಲ್ಕಾರು ಜನ ದುಡಿಯುವ ಇಂಥ ಕಡೆಗಳು ಕಾನೂನಿನ ಪ್ರಕಾರ ಇಚ್ಛೆಯಿದ್ದರೆ ಅಪ್ರೆಂಟಿಸರನ್ನು ಇಟ್ಟುಕೊಳ್ಳಬಹುದು. ಆದರೆ ಆನ್‌ಲೈನಿನಲ್ಲಿ ನೋಂದಣಿ, ಕರಾರು, ತಿಂಗಳ ಹಾಜರಿ, ಬೋಧನಾಕ್ರಮ ಇವೆಲ್ಲ ಅವನಿಗೆ ಇನ್ನೊಂದು ಕಸುಬನ್ನೇ ಕಲಿತಷ್ಟು ತೊಡಕು. ಜರ್ಮನಿಯಲ್ಲಿ ಸಣ್ಣ ಕಸುಬುದಾರನೂ ಶಿಷ್ಯರನ್ನು ಇಟ್ಟುಕೊಳ್ಳುತ್ತಾನೆ. ಶಿಷ್ಯನು ವಾರದಲ್ಲಿ ಒಂದೆರಡು ದಿನ ಸರ್ಕಾರದ ವೃತ್ತಿಶಾಲೆಗೆ ಹೋಗುತ್ತಾನೆ, ಮಿಕ್ಕ ದಿನ ಗುರುವಿನ ಬಳಿ ದುಡಿಯುತ್ತಾನೆ. ಕರಾರಿನ ದಾಖಲೆಯನ್ನೂ ಪರೀಕ್ಷೆಯನ್ನೂ ಕಸುಬುದಾರರ ಮಂಡಲಿಗಳೇ ನೋಡಿಕೊಳ್ಳುತ್ತವೆ. ನಮ್ಮಲ್ಲಿ ಆ ಮಂಡಲಿಯ ಕೆಲಸವನ್ನು ತಾಲ್ಲೂಕಿನ ಸರ್ಕಾರಿ ಐ.ಟಿ.ಐ.ಯೇ ಏಕೆ ಮಾಡಬಾರದು? ಹತ್ತು ಸಣ್ಣ ವರ್ಕ್‌ಶಾಪುಗಳ ಕಾಗದಪತ್ರವನ್ನು ಅಲ್ಲಿಯ ಒಬ್ಬ ಗುಮಾಸ್ತನು ನೋಡಿಕೊಂಡರೆ, ವಾರದಲ್ಲಿ ಒಂದು ದಿನ ಆ ಹುಡುಗರಿಗೆ ನಕ್ಷೆ ಓದುವುದನ್ನೂ ಲೆಕ್ಕವನ್ನೂ ಸುರಕ್ಷತೆಯನ್ನೂ ಅಲ್ಲಿ ಕಲಿಸಿದರೆ, ಹುಡುಗನು ಊರಲ್ಲಿ ಮನೆಯ ಊಟ ಮಾಡಿಕೊಂಡೇ ಪ್ರಮಾಣಪತ್ರಕ್ಕೆ ಅರ್ಹನಾಗುವನು. ಆಗ ಆರು ಸಾವಿರದ ಶಿಷ್ಯವೇತನವೂ ಸಾಲುತ್ತದೆ. 60,000 ಕೋಟಿಯ ಮಾತಿನ ಮುಂದೆ ಇದಕ್ಕೆ ತಗಲುವ ವೆಚ್ಚ ಬಹಳ ಕಡಿಮೆ.

ಇಲ್ಲಿ ಒಂದು ಆಕ್ಷೇಪಣೆಯನ್ನು ಎದುರಿಸಲೇಬೇಕು. ಸರ್ಕಾರದ ಹಣದಿಂದ ಅಗ್ಗದ ಆಳುಗಳನ್ನು ಒದಗಿಸಿಕೊಟ್ಟಂತಾಗುವುದಿಲ್ಲವೇ ಎಂದು ಕಾರ್ಮಿಕ ಸಂಘಗಳ ಮಿತ್ರರು ಕೇಳುತ್ತಾರೆ. ಕೇಳುವುದು ನ್ಯಾಯವೇ. ಅಪ್ರೆಂಟಿಸ್ ಎಂಬ ಹೆಸರಿನಲ್ಲಿ ಹುಡುಗರನ್ನು ಸೇರಿಸಿಕೊಂಡು, ಒಂದೇ ಯಂತ್ರದ ಮುಂದೆ ವರ್ಷವಿಡೀ ನಿಲ್ಲಿಸಿ, ಅವಧಿ ಮುಗಿದೊಡನೆ ಕಳುಹಿಸಿ, ಮತ್ತೊಂದು ತಂಡವನ್ನು ಕರೆಸಿಕೊಳ್ಳುವ ಕಡೆಗಳೂ ಉಂಟು. ಖಾಯಂ ಕೆಲಸಗಾರನ ಜಾಗವನ್ನು ಶಿಷ್ಯನಿಂದ ತುಂಬಿಸುವುದು ಇಬ್ಬರಿಗೂ ಮೋಸ. ನೆರವನ್ನು ನಿಲ್ಲಿಸುವುದು ಇದಕ್ಕೆ ಮದ್ದಲ್ಲ. ನೆರವನ್ನು ಫಲಕ್ಕೆ ಕಟ್ಟಿಹಾಕಬೇಕು: ಎಷ್ಟು ಜನರನ್ನು ಸೇರಿಸಿಕೊಂಡರೆಂದಲ್ಲ, ಎಷ್ಟು ಜನ ಪರೀಕ್ಷೆಗೆ ಕುಳಿತು ತೇರ್ಗಡೆಯಾದರು, ಎಷ್ಟು ಜನರಿಗೆ ಅಲ್ಲಿಯೋ ಬೇರೆಡೆಯೋ ಕೆಲಸವಾಯಿತು ಎಂಬುದನ್ನು ನೋಡಿ ಕೊಡಬೇಕು. ಪರೀಕ್ಷೆಗೆ ಕಳುಹಿಸದ ಮಾಲೀಕನಿಗೆ ಮುಂದಿನ ವರ್ಷ ಸರ್ಕಾರದ ಪಾಲು ಬೇಡ.

ಹೆಣ್ಣುಮಕ್ಕಳ ವಿಷಯದಲ್ಲಿ ನಮಗೆ ಸ್ವಲ್ಪ ಹೆಚ್ಚಿನ ಆಸೆಯಿದೆ. 2023ರ ಜೂನ್ 11ರಿಂದ ಜಾರಿಗೆ ಬಂದ ಶಕ್ತಿ ಯೋಜನೆಯ ಮೂಲಕ ರಾಜ್ಯ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೇಟಿನ ಹಣವಿಲ್ಲದೆ ಪ್ರಯಾಣ ದೊರೆಯಿತು. ಇದನ್ನು ಹಲವರು ಹಾಸ್ಯ ಮಾಡಿದರು. ನಾವು ಅದನ್ನು ಒಂದು ತರಬೇತಿ ಯೋಜನೆಯೆಂದೇ ಭಾವಿಸುತ್ತೇವೆ. ಶಿರಾದಿಂದಲೋ ಕಳ್ಳಂಬೆಳ್ಳದಿಂದಲೋ ತುಮಕೂರಿಗೆ ದಿನವೂ ಹೋಗಿಬಂದು ಎಲೆಕ್ಟ್ರಾನಿಕ್ ಮೆಕ್ಯಾನಿಕ್ ಕೋರ್ಸು ಓದುವ ಹುಡುಗಿಗೆ ತಿಂಗಳಿಗೆ ಉಳಿಯುವ ಬಸ್ಸಿನ ದುಡ್ಡೇ ಮನೆಯವರ ಬಾಯಿ ಕಟ್ಟುತ್ತದೆ. ಆದರೆ ಖಾಸಗಿ ಬಸ್ಸುಗಳೇ ಹೆಚ್ಚಾಗಿ ಓಡುವ ದಾರಿಗಳಲ್ಲಿ ಆ ಸೌಲಭ್ಯ ಕೈಗೆ ಸಿಗದು. ಕೊನೆಯ ಪಾಳಿ ಬಿಟ್ಟ ಮೇಲೆ ಹಳ್ಳಿಗೆ ಬಸ್ಸೇ ಇರದಿದ್ದರೆ ಉಚಿತವಾದರೇನು? ಕೈಗಾರಿಕಾ ಪ್ರದೇಶದ ಸಮೀಪದಲ್ಲಿ ಅಪ್ರೆಂಟಿಸ್ ಹುಡುಗಿಯರಿಗಾಗಿಯೇ ಒಂದು ಸರ್ಕಾರಿ ವಸತಿನಿಲಯ ಬೇಕು. ಹುಡುಗರಿಗೂ ಬೇಕು. ವಿದ್ಯಾರ್ಥಿನಿಲಯಗಳನ್ನು ಕಟ್ಟಿ ಮೂರು ತಲೆಮಾರುಗಳನ್ನು ಓದಿಸಿದ ನಾಡು ಇದು. ಕಸುಬು ಕಲಿಯುವವನು ಮಾತ್ರ ವಿದ್ಯಾರ್ಥಿಯಲ್ಲವೆಂಬ ಭಾವನೆ ಎಲ್ಲಿಂದ ಬಂದಿತೋ ನಾವರಿಯೆವು.

ಇದೇ ಸಂದರ್ಭದಲ್ಲಿ ಯುವನಿಧಿಯ ಮಾತನ್ನೂ ಆಡಬೇಕು. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಆರಂಭವಾದ ಆ ಯೋಜನೆಯು ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿಯಂತೆ ಎರಡು ವರ್ಷದವರೆಗೆ ಕೊಡುವುದೆಂದು ಗೊತ್ತುಮಾಡಿತು. ಓದಿ ಕುಳಿತವನಿಗೆ ಆಸರೆ ಕೊಟ್ಟುದನ್ನು ನಾವು ಹಳಿಯುವುದಿಲ್ಲ. ಕಾದಿರುವವನಿಗೆ ಕೊಡುವಷ್ಟನ್ನಾದರೂ ಕಲಿಯುತ್ತಿರುವವನಿಗೂ ರಾಜ್ಯವು ತನ್ನ ಕಡೆಯಿಂದ ಸೇರಿಸಿಕೊಡಲಿ ಎಂಬುದಷ್ಟೇ ನಮ್ಮ ಬೇಡಿಕೆ. ಕೇಂದ್ರದ 1,500ರ ಮೇಲೆ ರಾಜ್ಯದ 1,500 ಸೇರಿದರೆ ಕೋಣೆಯ ಬಾಡಿಗೆ ಹುಟ್ಟುತ್ತದೆ.

ಈ ಮಾತುಗಳಲ್ಲಿ ಸರ್ಕಾರಕ್ಕೆ ಸೇರಿದ್ದನ್ನು ಅರ್ಜಿಯ ರೂಪದಲ್ಲಿ ಬರೆದು ಜಿಲ್ಲಾಡಳಿತಕ್ಕೂ ನಾಲ್ಕು ತಾಲ್ಲೂಕುಗಳ ಶಾಸಕರಿಗೂ ಒಪ್ಪಿಸೋಣವೆಂದು ಗೋಷ್ಠಿಯ ಹಿರಿಯರು ಸೂಚಿಸಿದ್ದಾರೆ. ಅದರಲ್ಲಿ ಮೂರೇ ಅಂಶಗಳಿರಲಿ: ವಸತಿನಿಲಯ, ಸಣ್ಣ ವರ್ಕ್‌ಶಾಪುಗಳ ಕಾಗದಪತ್ರವನ್ನು ಐ.ಟಿ.ಐ. ನೋಡಿಕೊಳ್ಳುವ ಏರ್ಪಾಡು, ಹೊಸ ಕಾರ್ಖಾನೆಯ ನಿವೇಶನಪತ್ರದಲ್ಲಿ ಅಪ್ರೆಂಟಿಸರ ಷರತ್ತು. ಹೆಚ್ಚು ಕೇಳಿದರೆ ಓದುವವರೇ ಇರುವುದಿಲ್ಲ.

ಯುವಮಿತ್ರರಲ್ಲಿ ಒಂದೆರಡು ಮಾತು. ಕೇಂದ್ರ ಸರ್ಕಾರದ ಅಪ್ರೆಂಟಿಸ್‌ಷಿಪ್ ಜಾಲತಾಣದಲ್ಲಿ ಹೆಸರು ನೋಂದಾಯಿಸಲು ಹಣ ಕೊಡಬೇಕಾಗಿಲ್ಲ. ಹಣ ಕೇಳುವ ಮಧ್ಯವರ್ತಿಯನ್ನು ನಂಬಬೇಡಿ. ಆಧಾರ್, ಅಂಕಪಟ್ಟಿ, ಆಧಾರಿಗೆ ಜೋಡಿಸಿದ ಬ್ಯಾಂಕ್ ಖಾತೆ, ಇಷ್ಟನ್ನು ಸಿದ್ಧವಾಗಿಟ್ಟುಕೊಳ್ಳಿ. ಕರಾರಿನಲ್ಲಿ ಕಸುಬಿನ ಹೆಸರು, ಅವಧಿ, ಶಿಷ್ಯವೇತನದ ಮೊತ್ತ, ಈ ಮೂರನ್ನೂ ಓದಿದ ಮೇಲೆಯೇ ಸಹಿ ಹಾಕಿ. ಕಸುಬಿನ ಜಾಗ ಖಾಲಿ ಬಿಟ್ಟಿದ್ದರೆ ತುಂಬಿಸಿದ ಮೇಲೆ ಹಾಕಿ. ಒಂದು ಪ್ರತಿಯನ್ನು ಕೇಳಿ ತೆಗೆದುಕೊಂಡು ಬಂದು ಮನೆಯಲ್ಲಿ ತಾಯಿಯ ಕೈಗೆ ಕೊಡಿ. ಗ್ಯಾರೇಜಿನಲ್ಲಿ ಈಗಾಗಲೇ ಕಲಿತು ನಿಂತಿರುವ ದೊಡ್ಡವರಿಗೂ ಕೈಯಲ್ಲಿರುವ ಕಸುಬನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಏರ್ಪಾಡು ಕೌಶಲ್ಯ ಯೋಜನೆಗಳಲ್ಲಿ ಉಂಟು. ಅದನ್ನು ಜಿಲ್ಲಾ ಕೌಶಲ್ಯಾಭಿವೃದ್ಧಿ ಕಚೇರಿಯಲ್ಲಿ ವಿಚಾರಿಸಬಹುದು. ಅರ್ಜಿಗೆ ಸಹಿ ಹಾಕುವವರು ಗೋಷ್ಠಿ ಮುಗಿದೊಡನೆ ಬಲಗಡೆಯ ಮೇಜಿನ ಬಳಿ ಬರಬೇಕೆಂದು ಕೋರುತ್ತೇವೆ. ಹಾಳೆಗಳನ್ನು ತಾಲ್ಲೂಕುವಾರು ಬೇರೆಬೇರೆಯಾಗಿ ಇಡಲಾಗಿದೆ.